ತಟ್ಟದ ಬಾಗಿಲು

ಬಟ್ಟೆಯೇ ಇಲ್ಲ, ಇಂಥ ರಣಬಿಸಿಲಿನಲ್ಲಿ ಒಂದು ತಂತಿಯ ಮೇಲೂ ಒಂದು ಚೂರು ಬಟ್ಟೆಯಿಲ್ಲ, ಬೀದಿಯ ಅಷ್ಟೂ ಮಾಳಿಗೆ ಬೋಳು ಬೋಳು — ಸೇನಾ ಚೌಕಿಯ ಮೇಲ್ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಮೇಜರನ ಕೈ ತಾನಾಗಿಯೇ ವೈರ್‌ಲೆಸ್ಸಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು, ಯಾಕೆಂದರೆ ಬೀದಿಯ ಆ ತುದಿಯಿಂದ ಭಾಮೈದ ಬರುತ್ತಿದ್ದಾನೆ, ಹೆಂಡತಿಯ ಒಡಹುಟ್ಟಿದ ತಮ್ಮ, ಎಂಜಿನಿಯರ್ ಸಾಹೇಬರು, ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಾವನ ಮನೆಗೆ ಹೊರಟ ಅಳಿಯನ ಹಾಗೆ. ಬೀದಿಯ ಕೊನೆಯ ನಲ್ಲಿಗೆ ಇವತ್ತು ನೀರು ಬಿಡುತ್ತಾನಂತೆ. ಬಿಡಲಿ, ಮಹಾ ಭಗೀರಥ. ತನ್ನ ಜೀಪಿನ ಡ್ರೈವರ್ ಸತ್ತ ದಿನವೂ ತಂತಿಗಳು ಹೀಗೇ ಇದ್ದವು, ಅರ್ಥವಾದದ್ದು ಆಮೇಲೆ, ಬಾಂಬು ಇಟ್ಟದ್ದು ಬೀದಿಗೆಲ್ಲ ಗೊತ್ತಿತ್ತು, ಧೂಳು ಕೂರುತ್ತದೆಂದು ಹೆಂಗಸರು ಬಟ್ಟೆ ಎತ್ತಿಕೊಂಡಿದ್ದರು, ಬಟ್ಟೆಯ ಮೇಲಿದ್ದ ಕರುಣೆ ಆ ಹುಡುಗನ ಮೇಲೆ ಇರಲಿಲ್ಲ. ಅವನು ಸತ್ತದ್ದು ಆ ನೀಲಿ ಬಾಗಿಲಿನ ಮನೆಯ ಮುಂದೆಯೇ. ಕೆಳಗಿನವರಿಗೆ ಹೇಳಬೇಕು, ವೈರ್‌ಲೆಸ್ಸಿನ ಗುಂಡಿ ಒತ್ತಬೇಕು, ಒತ್ತುತ್ತೇನೆ — ಆದರೆ ಹೊಟ್ಟೆ ಉರಿಯುತ್ತದೆ, ಹೌದು, ಉರಿಯುತ್ತದೆ, ಈ ಊರು ಗೆದ್ದವನು ಯಾರು, ಇವನು ಬಂದದ್ದು ಯುದ್ಧ ಮುಗಿದ ಮೇಲೆ, ನಾಲ್ಕು ಪೈಪು ಹೊತ್ತುಕೊಂಡು, ಮಕ್ಕಳು ಇವನ ಬೆರಳು ಹಿಡಿದು ಓಡಾಡುತ್ತವೆ, ತನ್ನನ್ನು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹೆಂಡತಿ ಫೋನಿನಲ್ಲಿ ನಕ್ಕಳು, ಅಂದರೆ ತಮ್ಮ ಕುಂಬಾರ, ಗಂಡ ದೊಣ್ಣೆ. ದೊಣ್ಣೆಯೇ ಸರಿ. ಬಾಗಿಲು ತಟ್ಟಿದರೆ ಶತ್ರುವಿಗೆ ಸಮಯ ಕೊಟ್ಟಂತೆ ಎಂದು ಬೋರ್ಡಿನ ಮೇಲೆ ಬರೆದು ಪಾಠ ಹೇಳಿದವನು ತಾನೇ, ಆ ನೀಲಿ ಬಾಗಿಲನ್ನು ಒದೆಸಿದವನೂ ತಾನೇ, ಒಳಗೆ ಸಿಕ್ಕಿದ್ದು ಒಬ್ಬ ಮುದುಕಿ, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು. ಭಾಮೈದ ಬಡಗಿಯನ್ನು ಕರೆಸಿ ಅದನ್ನು ಮತ್ತೆ ನಿಲ್ಲಿಸಿದ, ತಾನೇ ನಿಲ್ಲಿಸಿದ ಬಾಗಿಲನ್ನು ಈಗಲೂ ತಟ್ಟಿಯೇ ಒಳಗೆ ಹೋಗುತ್ತಾನೆ, ಒಂದ್ಸಲ ತಟ್ಟಿ ನೋಡಿ ಭಾವ, ಅಜ್ಜಿ ತೆಗೀತಾರೆ ಎನ್ನುತ್ತಾನೆ. ತಾನು ಹೋಗಿರಲಿಲ್ಲವೇ, ಯಾರಿಗೂ ಹೇಳದೆ, ಕಳೆದ ಭಾನುವಾರ ಆ ಬಾಗಿಲಿನ ಮುಂದೆ ನಿಂತು ಕೈ ಎತ್ತಿದ, ಎತ್ತಿದ ಕೈ ಎತ್ತಿದಂತೆಯೇ ಇತ್ತು, ಒದೆಯುವುದು ಗೊತ್ತು, ತಟ್ಟುವುದು ಎಷ್ಟು ಜೋರಾಗಿ ಎಂದು ತಿಳಿಯದೆ ವಾಪಸು ಬಂದ.

ಭಾಮೈದ ಬಂದೇಬಿಟ್ಟ, ನೀಲಿ ಬಾಗಿಲಿನ ಹತ್ತಿರ ಬಂದ, ಒಂದೇ ಒಂದು ಸಲ ಇವನಿಗೂ ಗೊತ್ತಾಗಲಿ, ನಕ್ಕು ಮಾತಾಡುವ ಜನ ಎಂಥವರೆಂದು — ಛೀ, ಏನಿದು, ಅವಳ ತಮ್ಮ, ಮದುವೆಯಲ್ಲಿ ತನ್ನ ಬೂಟು ಬಚ್ಚಿಟ್ಟು ಕುಣಿದ ಹುಡುಗ, ಒತ್ತು, ಒತ್ತೋ ಪಾಪಿ, ಹೆಬ್ಬೆರಳು ಕಲ್ಲಾಗಿದೆ, ಅಷ್ಟರಲ್ಲಿ ಬಾಗಿಲು ಗೇಣಗಲ ತೆರೆಯಿತು, ಸುಕ್ಕುಗಟ್ಟಿದ ಒಂದು ಕೈ ಹೊರಬಂತು, ಭಾಮೈದನ ತೋಳು ಹಿಡಿದು ಒಳಗೆ ಎಳೆದುಕೊಂಡಿತು, ಬಾಗಿಲು ಮುಚ್ಚಿತು. ಆಗ ಒತ್ತಿತು ಹೆಬ್ಬೆರಳು. ಹೇಳಿ ಸಾರ್, ಎಂದಿತು ವೈರ್‌ಲೆಸ್ಸು. ಬೀದಿ ಖಾಲಿ ಮಾಡಿಸಿ ಎನ್ನಬೇಕು, ಬೀದಿಯಲ್ಲಿ ಯಾರಿದ್ದಾರೆ. ಹೇಳಿ ಸಾರ್. ಬದುಕಿದ, ಸದ್ಯ ಬದುಕಿದ, ಆ ಮುದುಕಿ ಉಳಿಸಿದಳು, ತಾನಲ್ಲ — ಡ್ರೈವರ್ ಹೋಗುವಾಗಲೂ ಅವಳು ಒಳಗೇ ಇದ್ದಳು, ಒದ್ದು ಮುರಿದ ಬಾಗಿಲಿಗೆ ಚಾಪೆ ಕಟ್ಟಿಕೊಂಡು, ಅದೇ ಕೈ, ಆ ಚಾಪೆಯ ಹಿಂದೆ, ಆ ಹುಡುಗನಿಗಾಗಿ ಹೊರಬರಲಿಲ್ಲ. ಸಾರ್, ಕೇಳಿಸ್ತಿದೆಯಾ. ಕಣ್ಣ ಮುಂದೆ ಅದೇ ನೀಲಿ ಬಾಗಿಲು, ಗೇಣಗಲ, ಒಂದು ಕೈ.