ಬೆರಳಗಲದ ಗೀಟುಗಳು

ಆಕೆಯ ಗಂಡ ಮೂವತ್ತೆರಡು ವರ್ಷ ಮೋಜಣಿ ಕಚೇರಿಯಲ್ಲಿ ನಕ್ಷೆ ಬರೆದವನು. ಒಬ್ಬರ ಜಮೀನಿಗೂ ಇನ್ನೊಬ್ಬರ ಜಮೀನಿಗೂ ನಡುವೆ ಆತ ಎಳೆದ ಗೆರೆ ಕೂದಲಿಗಿಂತ ದಪ್ಪ ಇದ್ದದ್ದಿಲ್ಲ. ಮನೆಯಲ್ಲೂ ಹಾಗೆಯೇ, ಉಪ್ಪಿನ ಡಬ್ಬಿ ಮುಟ್ಟಿದರೆ ಒರೆಸಿ ಇಡುವ ಆಸಾಮಿ. ನಿವೃತ್ತನಾದ ಮೇಲೆ ಹೊತ್ತು ಹೋಗಲೆಂದು ಮಂಗಳವಾರ, ಶುಕ್ರವಾರ ಚಿತ್ರಕಲೆಯ ಕ್ಲಾಸಿಗೆ ಸೇರಿಕೊಂಡ. ಟೈಲರ್ ಅಂಗಡಿಯ ಮಹಡಿಯ ಮೇಲೆ ಉದ್ದನೆಯ ಕೋಣೆ, ಎಂಟು ಹತ್ತು ಜನ, ಕಲಿಸುವವಳು ನಲವತ್ತರ ಆಸುಪಾಸಿನ ಹೆಂಗಸು. ಆತ ಬಿಡಿಸಿದ ಮೊದಲ ಸೇಬನ್ನು ನೋಡಿ ಟೀಚರ್ ಇದು ಸೇಬಲ್ಲ, ಸೇಬಿನ ನಕ್ಷೆ ಎಂದಿದ್ದಳಂತೆ. ಅದನ್ನು ಆತನೇ ಮನೆಗೆ ಬಂದು ಹೇಳಿ ನಕ್ಕಿದ್ದ.

ಹಾಗಿದ್ದವನು ಒಂದು ಶುಕ್ರವಾರ ಸಂಜೆ ಬೇರೆಯೇ ಥರದ ಚಿತ್ರ ತಂದು ಗೋಡೆಗೆ ಒರಗಿಸಿದ. ಮೇಜು, ಹೂಜಿ, ಎರಡು ಈರುಳ್ಳಿ. ಸಣ್ಣ ಗೆರೆ ಅನ್ನುವುದು ಹುಡುಕಿದರೂ ಇಲ್ಲ, ಬರೀ ಬೆರಳಗಲದ ಗೀಟುಗಳು. ಕುಂಚ ಎಲ್ಲಿ ಒತ್ತಿತು, ಎಲ್ಲಿ ಜಾರಿತು, ಎಲ್ಲಿ ಬಣ್ಣ ಮುಗಿದು ಬರೀ ಕೂದಲು ಕೆರೆಯಿತು ಅನ್ನುವುದೆಲ್ಲ ಎದ್ದು ಕಾಣುತ್ತಿತ್ತು. ಹೂಜಿಯ ಮೇಲಿನ ಕೆಂಪನ್ನು ಚಾಕುವಿನಿಂದ ಕೆತ್ತಿ ತೆಗೆಯಬಹುದಿತ್ತು. ಟೀಚರ್ ಏನೆಂದರು ಎಂದು ಆಕೆ ಕೇಳಿದಳು. ಕೈ ಬಿಚ್ಚಿಕೊಂಡಿದೆ ಅಂದರು ಎಂದಷ್ಟೇ ಹೇಳಿ ಆತ ಒಳಗೆ ಹೋದ.

ಎಲ್ಲೋ ಏನೋ ತಪ್ಪಿದೆ ಎಂದು ಆಕೆಗೆ ಅಲ್ಲೇ ಅನ್ನಿಸಿತು. ಅನುಮಾನ ಆಕೆಯ ಕಸುಬು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಪುಟದಲ್ಲಿ ಒಂದೂ ತಪ್ಪು ಸಿಗದಿದ್ದರೆ ಸಮಾಧಾನವಾಗದೆ ಮೊದಲಿನಿಂದ ಓದುವವಳು. ಕರಡು ನೋಡುತ್ತಾಳೆಂದೋ, ಕೆಂಪು ಪೆನ್ನಿನಲ್ಲಿ ಪರಚುತ್ತಾಳೆಂದೋ, ಅಲ್ಲಿಯವರು ಬೆನ್ನ ಹಿಂದೆ ‘ಕರಡಿಯಮ್ಮ’ ಅನ್ನುತ್ತಿದ್ದರು. ಅರವತ್ತು ದಾಟಿದ, ಚಪ್ಪಲಿಯನ್ನೂ ಗೆರೆ ಹಿಡಿದು ಬಿಡುವ ಮನುಷ್ಯನ ಕೈ ಏಕಾಏಕಿ ಬಿಚ್ಚಿಕೊಳ್ಳುತ್ತದೆ ಎಂದರೆ ಬಿಚ್ಚಿದವರು ಯಾರು?

ಫೋನಿನಲ್ಲಿ ತಂಗಿಗೆ ಹೇಳಿದಾಗ ಅವಳು ಚಿತ್ರದ ವಿಷಯ ಕೇಳಲೇ ಇಲ್ಲ. ಟೀಚರಿಗೆ ಎಷ್ಟು ವಯಸ್ಸು ಅಂತ ಕೇಳಿದಳು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮೊದಲೆಲ್ಲ ಆರಕ್ಕೆ ಮನೆಗೆ ಬರುತ್ತಿದ್ದವನು ಈಗ ಆರೂವರೆ, ಏಳು. ಯಾಕೆ ಎಂದು ಕೇಳಿದರೆ ಸುತ್ತು ದಾರಿಯಲ್ಲಿ ಬಂದೆ ಅನ್ನುತ್ತಿದ್ದ. ದೊಡ್ಡ ರಸ್ತೆ ದಾಟಿದರೆ ಹತ್ತು ನಿಮಿಷದ ದಾರಿ, ಸುತ್ತು ಯಾಕೆ? ಬೆಳಿಗ್ಗೆ ಪೇಪರನ್ನು ಆಕೆಯ ಕೈಗೆ ಕೊಟ್ಟು ನೀನೇ ಓದು, ನಿನ್ನ ಬಾಯಲ್ಲಿ ಕೇಳೋದು ಚೆನ್ನಾಗಿರುತ್ತೆ ಅಂದ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಆಕೆಯ ಬಾಯಿಯ ಬಗ್ಗೆ ಆತ ಆಡಿದ ಮೊದಲ ಒಳ್ಳೆಯ ಮಾತು ಅದು. ಒಂದು ಮಂಗಳವಾರ ಶರ್ಟಿನ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿ, ಕಾಲರ್ ಒಂದು ಕಡೆ ಮೇಲೆದ್ದು ಬಂದಿತ್ತು. ಅಂಗಿಗೆ ಬಣ್ಣ ತಾಗದಿರಲೆಂದು ಅಲ್ಲಿ ಬೇರೆ ಹಳೇ ಅಂಗಿ ಹಾಕಿಕೊಳ್ಳುತ್ತೇವೆ ಎಂದು ಆತ ವಿವರಿಸಿದ. ಕೇಳದೆಯೇ ವಿವರಿಸಿದ್ದು ಆಕೆಗೆ ಹಿಡಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆತ ಈಗ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಾತು ಆಕೆಯ ಜೊತೆ, ನೋಟ ಆಕೆಯ ಕಿವಿಯ ಪಕ್ಕದ ಗೋಡೆಯ ಮೇಲೆ. ಮನಸ್ಸಿನಲ್ಲಿ ಕಳ್ಳ ಹೊಕ್ಕವರು ಹೀಗೆಯೇ ನೋಡುವುದು ಅಂದುಕೊಂಡಳು. ಬಾಯಿ ಬಿಟ್ಟು ಮಾತ್ರ ಕೇಳಲಿಲ್ಲ. ಕೇಳಿದ ಮೇಲೆ ಉತ್ತರ ಬರುತ್ತದಲ್ಲ, ಅದರ ಭಯ.

ಚಿತ್ರಗಳು ಬರುತ್ತಲೇ ಇದ್ದವು. ಹೂಜಿಯ ಚಿತ್ರ ಬಂದ ನಾಲ್ಕನೆಯ ತಿಂಗಳಲ್ಲಿ ಒಂದು ಹೆಂಗಸಿನ ಚಿತ್ರ ಬಂತು. ಭುಜ, ಕೂದಲು, ಕುರ್ಚಿಯ ಕೈ ಎಲ್ಲ ಇದೆ, ಮುಖ ಇರಬೇಕಾದಲ್ಲಿ ಕಂದು ಬಣ್ಣವನ್ನು ಅಡ್ಡಡ್ಡ ಎಳೆದು ಕಲಸಿಬಿಟ್ಟಿದ್ದ. ಅದು ಯಾರು ಎಂದು ಆಕೆ ಕೇಳಲಿಲ್ಲ. ಮುಂದಿನ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಆತ ಹೊರಟ ಇಪ್ಪತ್ತು ನಿಮಿಷಕ್ಕೆ ತಾನೂ ಹೊರಟು, ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಹತ್ತಿರ ಗಂಡ ನಿಂತಿದ್ದ. ಟೀಚರ್ ಆತನ ಹಿಂದೆ ನಿಂತು, ಮಣಿಕಟ್ಟು ಹಿಡಿದು, ಕುಂಚವನ್ನು ಕಾಗದದ ಉದ್ದಕ್ಕೂ ಎಳೆಸುತ್ತಿದ್ದಳು. ಆಕೆ ಹೊಸ್ತಿಲಲ್ಲೇ ನಿಂತಳು. ಆದರೆ ಟೀಚರ್ ಆಕೆಯನ್ನು ನೋಡಿದವಳೇ ಆತನ ಕೈ ಬಿಟ್ಟು, ಗಾಬರಿಯಿಲ್ಲದೆ ಬಾಗಿಲಿಗೆ ಬಂದಳು. ನೀವು ಯಾರೆಂದು ಗೊತ್ತಾಯಿತು, ಚಿತ್ರದಲ್ಲಿ ನೋಡಿದ್ದೇನೆ ಎಂದಳು.

“ಯಾವ ಚಿತ್ರದಲ್ಲಿ?”

“ಅದೇ, ಕುರ್ಚಿ ಮೇಲೆ ಕೂತಿರೋದು. ಭುಜ ನೋಡಿದ್ರೇ ಗೊತ್ತಾಗುತ್ತಲ್ಲ. ಮುಖ ಯಾಕೆ ಬಿಟ್ಟಿದ್ದೀರಿ ಅಂತ ಕೇಳ್ದೆ. ಕೊನೆಗೆ ಮಾಡ್ತೀನಿ ಅಂದ್ರು.”

ದಾರಿಯಲ್ಲೇ ಇತ್ತು, ಸುಮ್ಮನೆ ಬಂದೆ ಎಂದು ಆಕೆ ತಡವರಿಸಿದಳು. ಗಂಡ ಆ ದನಿ ಕೇಳಿ ತಿರುಗಿದ. ನಡುವೆ ಹತ್ತು ಹೆಜ್ಜೆ ಕೂಡ ಇರಲಿಲ್ಲ. ತಿರುಗಿದವನು ಬಾಗಿಲ ಕಡೆ ನೋಡುತ್ತ, ನಿಂತಿರುವ ಇಬ್ಬರಲ್ಲಿ ಹೆಂಡತಿ ಯಾರು ಅನ್ನುವಂತೆ, ಒಬ್ಬರಿಂದ ಇನ್ನೊಬ್ಬರತ್ತ ಮುಖ ತಿರುಗಿಸಿದ.

ಆಕೆ ಒಬ್ಬಳೇ ಮನೆಗೆ ಬಂದು ಎಲ್ಲ ಚಿತ್ರಗಳನ್ನೂ ಹಜಾರದ ಗೋಡೆಗುಂಟ ಸಾಲಾಗಿ ಇಟ್ಟಳು. ಕರಡು ಓದುವಂತೆ ಎಡದಿಂದ ಬಲಕ್ಕೆ ನೋಡುತ್ತ ಬಂದಳು. ಮೇಜಿನ ಅಂಚು ಇದೆ, ಹೂಜಿಯ ಹೊಟ್ಟೆ ಕಲಸಿದೆ. ಕಿಟಕಿಯ ಚೌಕಟ್ಟು ಇದೆ, ಹೊರಗಿನ ಮರ ಕಲಸಿದೆ. ಕುರ್ಚಿಯ ಕೈ ಇದೆ, ಮುಖ ಇಲ್ಲ. ಹನ್ನೊಂದು ಚಿತ್ರ, ಹನ್ನೊಂದರಲ್ಲೂ ನಡುವಿನದ್ದೇ ಇಲ್ಲ. ಮುದ್ರಣಾಲಯದಲ್ಲಿ ಹಾಳೆ ಹಾಳೆಗೂ ಒಂದೇ ಜಾಗದಲ್ಲಿ ಮಸಿ ಕಲಸಿದ್ದರೆ ಬರೆದವನನ್ನು ಯಾರೂ ಬೈಯುವುದಿಲ್ಲ, ಯಂತ್ರ ನಿಲ್ಲಿಸಿ ಅಚ್ಚಿನ ತಗಡನ್ನು ನೋಡುತ್ತಾರೆ. ಆಕೆ ಹೋಗಿ ಬೆಳಗಿನ ಪೇಪರನ್ನು ತೆಗೆದಿಟ್ಟುಕೊಂಡಳು.

ಆತ ಬಂದಾಗ ಆಕೆ ಪೇಪರಿನ ಮುಖಪುಟವನ್ನು ಎದುರಿಗೆ ಹಿಡಿದು, ದೊಡ್ಡ ಅಕ್ಷರದ ತಲೆಬರಹ ಓದಲು ಹೇಳಿದಳು. ಆತ ಮೊದಲ ಪದ ಓದಿದ, ಕೊನೆಯ ಪದ ಓದಿದ. ನಡುವೆ ಕತ್ತು ಆ ಕಡೆ ಈ ಕಡೆ ಹೊರಳಿಸಿ ನಿಂತುಹೋದ.

“ಯಾವಾಗಿಂದ?”

“ಎಂಟು ತಿಂಗಳಾಯ್ತು.”

“ನನಗೆ ಹೇಳ್ಬೇಕು ಅನ್ನಿಸಲಿಲ್ವಾ?”

“ನೀನು ತಪ್ಪು ಹುಡುಕೋಳು. ನನ್ನಲ್ಲಿ ಇದೊಂದು ಸಿಕ್ಕಿಬಿಟ್ರೆ ಅಂತ.” ಆತ ಕುರ್ಚಿಯನ್ನು ತಡವಿ ಕೂತ. “ಮೊದಲು ಆ ಹೂಜಿ ಮಾಡಿದಾಗ ಸಣ್ಣ ಕುಂಚದ ತುದೀನೇ ಕಾಣ್ತಿರಲಿಲ್ಲ ಕಣೇ. ಸಿಟ್ಟು ಬಂದು ಗೋಡೆಗೆ ಸುಣ್ಣ ಬಳಿಯೋ ಹಾಗೆ ಬಳಿದೆ. ಟೀಚರ್ ಎಲ್ಲರನ್ನೂ ಕರೆದು ತೋರಿಸಿದ್ರು. ಧೈರ್ಯ ಅಂದ್ರು. ಇಲ್ಲ, ಕಣ್ಣು ಕಾಣಲ್ಲ ಅಂತ ಹೇಗೆ ಹೇಳ್ಲಿ?”

ಮರುದಿನವೇ ಕಣ್ಣಾಸ್ಪತ್ರೆಗೆ ಹೋದರು. ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಇಬ್ಬರನ್ನೂ ಸೇರಿಸಿ ಬೈದರು. ಬಲಗಣ್ಣಿನ ನಡುವಿನ ನೋಟ ಹೋಗಿಯಾಗಿದೆ, ಅದು ಬರುವುದಿಲ್ಲ. ಎಡಗಣ್ಣಿಗೂ ಈಚೆಗೆ ಅದೇ ರೋಗ ಹಿಡಿದಿದೆ, ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟರೆ ಇದ್ದಷ್ಟನ್ನು ಉಳಿಸಿಕೊಳ್ಳಬಹುದು. ಕಣ್ಣಿಗೇ ಸೂಜಿ ಎಂದು ಕೇಳಿ ಆತ ಬಿಳಿಚಿಕೊಂಡ. ಆಕೆ ಆತನ ಪರವಾಗಿ ಹೂಂ ಅಂದಳು.

ಟೀಚರಿಗೆ ತಾನೇ ಹೇಳುತ್ತೇನೆಂದು ಹೋಗಿ ಆತ ಹೇಳಿ ಬಂದ. ಅವಳ ದನಿ ಸಣ್ಣದಾಯಿತಂತೆ. ಇಷ್ಟು ದಿನ ಉಳಿದವರಿಗೆಲ್ಲ ಇವರನ್ನು ನೋಡಿ ಕಲಿಯಿರಿ ಅಂದವಳು. ಆಮೇಲೆ, ಮೊದಲನೇ ಗೀಟು ಕಣ್ಣು ಕಾಣದೆ ಬಿತ್ತು ಸರಿ, ಎರಡನೆಯದೂ ಹಾಗೆಯೇನಾ ಅಂತ ಕೇಳಿದಳಂತೆ. ಎರಡನೆಯದನ್ನು ಬೇಕೆಂದೇ ಎಳೆದೆ, ಚೆನ್ನಾಗಿದೆ ಅನ್ನಿಸಿತು ಎಂದು ಆತ ಒಪ್ಪಿಕೊಂಡ. ಹಾಗಾದರೆ ಶುಕ್ರವಾರ ಬನ್ನಿ ಎಂದಳು.

ಎರಡನೆಯ ಇಂಜೆಕ್ಷನ್ ಮುಗಿಸಿ ಬಸ್ಸಿನಲ್ಲಿ ಬರುವಾಗ, ಅವತ್ತು ಕ್ಲಾಸಿಗೆ ಯಾಕೆ ಬಂದಿದ್ದೆ ಎಂದು ಆತ ಕೇಳಿದ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಆಕೆ ಸುಳ್ಳು ಹೇಳಲು ಹೋಗಿ ಬಿಟ್ಟಳು.

“ನಿಮ್ಮ ಮೇಲೆ ಅನುಮಾನ ಇತ್ತು.”

“ಕಣ್ಣಿನ ವಿಷಯಕ್ಕಾ?”

“ಅಲ್ಲ. ಟೀಚರ್ ವಿಷಯಕ್ಕೆ. ಆ ಹೂಜಿ ತಂದ ದಿನದಿಂದ.”

ಆತ ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಈ ವಯಸ್ಸಿನಲ್ಲಿ, ಈ ಮೂತಿಗೆ, ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡು ಮತ್ತೆ ನಕ್ಕ. ನಗು ನಿಂತ ಮೇಲೆ ದನಿ ತಗ್ಗಿಸಿದ.

“ನಾಲ್ಕು ತಿಂಗಳು ಅದನ್ನ ಒಬ್ಬಳೇ ಹೊಟ್ಟೇಲಿ ಇಟ್ಕೊಂಡಿದ್ಯಾ?”

“ನೀವು ಎಂಟು ತಿಂಗಳು ಇಟ್ಕೊಂಡ್ರಿ.”

ಇಳಿಯುವ ಜಾಗ ಬಂತು. ಆಕೆ ಮೊದಲು ಇಳಿದು, ಕೈ ಕೊಟ್ಟು ಆತನನ್ನು ಇಳಿಸಿಕೊಂಡಳು. ಹಿಡಿದ ಕೈ ಬಿಡದೆ ಇಬ್ಬರೂ, ಸುತ್ತು ದಾರಿ ಬಿಟ್ಟು, ದೊಡ್ಡ ರಸ್ತೆಯನ್ನು ನೇರವಾಗಿ ದಾಟಿ ಮನೆಗೆ ಹೋದರು.