ಬೇಸೂರಿನ ಮದ್ದು

ನಮ್ಮ ಮನೆತನದಲ್ಲಿ ಬೇಸೂರಾಗಿ ಹಾಡುವವನು ನಾನೊಬ್ಬನೇ. ಧಾರವಾಡದ ಅರ್ಧ ಊರಿಗೆ ಹಾಡು ಕಲಿಸಿದ ವೆಂಕಣ್ಣ ಮಾಸ್ತರರು ನಮ್ಮಪ್ಪ. ಅಣ್ಣ ರಮಾಕಾಂತ ಹಾಡಿದರೆ ಟಾಂಗಾದವರು ಕುದುರೆ ನಿಲ್ಲಿಸಿ ಕೇಳುತ್ತಿದ್ದರು. ನಾನು ಹಾಡಿದರೆ ಕುದುರೆಗಳೇ ಓಟ ಕೀಳುತ್ತಿದ್ದವು. ಹೀಗಾಗಿ ನಾನು ಕಚೇರಿಯಲ್ಲಿ ಕಾರಕೂನನಾದೆ. ಸಂಗೀತಕ್ಕೆ ನಾನು ಮಾಡಿದ ದೊಡ್ಡ ಸೇವೆ ಅದು.

ಆ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ದವಾಖಾನೆಯಲ್ಲಿ ಕೈ ನಿಧಾನಕ್ಕೆ ಸುಧಾರಿಸಿತು, ಕಾಲೂ ಮಂಚ ಇಳಿಯುವಷ್ಟಾಯಿತು. ಮಾತು ಮಾತ್ರ ಬರಲಿಲ್ಲ. ನಾಲಿಗೆ ಹೊರಳಿಸಲು ಅವರಿಗೇ ಮನಸ್ಸು ಬರಬೇಕು ಎಂದರು ಡಾಕ್ಟರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಇನ್ನು ಮುಂದೆ ಅವರ ದನಿ ಕೇಳುವುದೇ ಇಲ್ಲವೇನೋ ಎಂದು ನಮಗೆಲ್ಲ ಹೆದರಿಕೆ. ಅಣ್ಣ ದಿನಾ ಬಂದು ಮೆಲ್ಲಗೆ ಹಾಡುತ್ತಿದ್ದ. ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ಸಂಜೆ ಅಣ್ಣ ಹುಬ್ಬಳ್ಳಿಗೆ ಹಾಡಿನ ಬೈಠಕ್ಕಿಗೆಂದು ಹೋಗಿದ್ದ.

"ದತ್ತೂ, ಇವತ್ತ ನೀನ ಏನರ ಹಾಡಪಾ," ಎಂದಳು ಅವ್ವ.

"ನಾನ?"

"ಹಾಡು. ಅವರಿಗೆ ಎದ್ದು ಓಡಿ ಹೋಗಲಿಕ್ಕಂತೂ ಆಗೂದಿಲ್ಲ."

ಅಪ್ಪ ನನಗೆ ಮೊದಲು ಕಲಿಸಿದ್ದು ಯಮನ್ ರಾಗ. ಎರಡನೆಯದಕ್ಕೆ ನಾವು ಹೋಗಲೇ ಇಲ್ಲ. ಯಮನ್ನಿನ ಮಧ್ಯಮ ಸ್ವರ ಕೊಂಚ ಏರಿ ನಿಲ್ಲಬೇಕು. ನನ್ನದು ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ. ಅಂದೂ ಕೂತಿತು. ಅಪ್ಪ ಗೋಡೆ ಬಿಟ್ಟು ಈ ಕಡೆ ಹೊರಳಿದರು. ಮುಖ ಕೆಂಪಾಗಿತ್ತು, ತುಟಿ ಅದುರುತ್ತಿತ್ತು.

"ಥೂ!" ಎಂದರು.

ಅವ್ವ ಅತ್ತೇಬಿಟ್ಟಳು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಹತ್ತಿ ವ್ಯಾಪಾರಿ ನೀಲಕಂಠಪ್ಪನವರು ಎದ್ದು ಕೂತರು. "ನಿಲ್ಲಿಸಬ್ಯಾಡ್ರಿ ದತ್ತೋಪಂತರ! ಮಾಸ್ತರು ಇನ್ನೊಂದು ಬೈಲಿ!"

ಅಂದಿನಿಂದ ನಾನೇ ಔಷಧ. ಕಚೇರಿ ಬಿಟ್ಟ ಕೂಡಲೇ ಬಂದು ಹಾಡುತ್ತಿದ್ದೆ, ಅಪ್ಪ ಬೈಯುತ್ತಿದ್ದರು. "ಥೂ" ಹೋಗಿ "ಕತ್ತಿ" ಬಂತು, ಅಂದರೆ ಕತ್ತೆ. ಆಮೇಲೆ "ದತ್ತ್ಯಾ, ಬಾಯಿ ಮುಚ್ಚು" ಬಂತು. ನನ್ನ ಹೆಸರು ಅವರ ಬಾಯಲ್ಲಿ ಅಷ್ಟು ಇಂಪಾಗಿ ನಾನೆಂದೂ ಕೇಳಿರಲಿಲ್ಲ. ಓಣಿಯವರು, ಇವತ್ತು ಏನಂದರು ಎಂದು ಕೇಳಿದರೆ, "ಕೋಣ ಅಂದರು" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ. ಕೊನೆಗೆ ಪೂರ್ತಿ ವಾಕ್ಯವೇ ಬಂತು: "ಮಧ್ಯಮ ಏರಸೋ, ಅದೇನು ನಿನ್ನ ಕಚೇರಿ ಕುರ್ಚಿಯೇನು, ಕೂತ ಬಿಡಲಿಕ್ಕೆ?"

ಇಷ್ಟು ಬೇಡಿಕೆಯಾದ ಮೇಲೆ ಯಾವ ಕಲಾವಂತನಿಗೂ ತಲೆ ತಿರುಗುತ್ತದೆ. ನಾನು ಬೆಳಿಗ್ಗೆ ಎದ್ದು ಕೆಲಗೇರಿ ಕೆರೆಯ ದಂಡೆಗೆ ಹೋಗಿ ರಿಯಾಜು ಮಾಡತೊಡಗಿದೆ. ರಿಯಾಜು ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಮಾಡಿ ಗೊತ್ತಿದ್ದರಲ್ಲವೇ!

ಅದೊಂದು ಸಂಜೆ ಯಮನ್ ಎತ್ತಿಕೊಂಡೆ. ಮಧ್ಯಮ ಬಂತು, ಏರಿತು, ನಿಂತಿತು. ಅಪ್ಪ ಏನೂ ಅನ್ನಲಿಲ್ಲ. ಮತ್ತೊಮ್ಮೆ ಅಲ್ಲಿಗೇ ಹೋದೆ. ಮತ್ತೆ ನಿಂತಿತು. ಅಪ್ಪನ ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಬಂದ ಮಾತೆಲ್ಲ ಮತ್ತೆ ಹೋಯಿತೇ? ಹಾಡು ಅಲ್ಲಿಗೇ ಬಿಟ್ಟು ಅವರ ಭುಜ ಹಿಡಿದು ಅಲುಗಿಸಿದೆ.

"ಅಪ್ಪಾ, ಏನರ ಅನ್ರಿ! ಬೈರಿ! ಕತ್ತಿ ಅನ್ರಿ!"

ನೀಲಕಂಠಪ್ಪನವರೂ ಗಾಬರಿಯಾಗಿ ಡಾಕ್ಟರನ್ನು ಕೂಗಿದರು.

ಅಪ್ಪ ಕಣ್ಣು ತೆರೆಯಲಿಲ್ಲ. ತಡೆತಡೆದು, ಆದರೆ ಸ್ಪಷ್ಟವಾಗಿ ಹೇಳಿದರು:

"ಯಾಕ ನಿಲ್ಲಿಸಿದಿ, ದತ್ತೂ? ಕೇಳ್ಲಿಕ್ಕತ್ತೇನಿ."

ಹಾಡಲು ಬಾಯಿ ತೆರೆದೆ. ನನಗೇ ದನಿ ಹೊರಡಲಿಲ್ಲ.