ಎಡಸುತ್ತಿನ ಉರುಲು

"ನಾಯಿ ಸಾಕಿದ್ರೆ ಬೊಗಳೋದಾದ್ರೂ ಬೊಗಳ್ತಿತ್ತು. ಹೇಳೋ ಬೋಳಿಮಗನೇ, ಯಾರದಿದು?"

ಮ್ಯಾನೇಜರ್ ತಂತಿಯ ಉರುಲನ್ನು ನನ್ನ ಮೂಗಿನ ಮುಂದೆ ಆಡಿಸಿದ. ಅದರಲ್ಲಿ ಇನ್ನೂ ಮೊಲದ ನಾಲ್ಕು ಕೂದಲು ಅಂಟಿಕೊಂಡಿದ್ದವು.

ಬೇಲಿಯೊಳಗಿನ ಮೊಲಗಳೂ ಎಸ್ಟೇಟಿನ ಒಡೆಯನವೇ ಎಂದು ಹಲಗೆ ಬರೆಸಿ ಹಾಕಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಆ ಕುರುಚಲು ಕಾಡಿನಲ್ಲಿ ನಮ್ಮ ಬೀದಿಯವರೆಲ್ಲ ಮೊಲ ಹಿಡಿಯುತ್ತಿದ್ದೆವು. ಬೇಲಿ ಬಂದಮೇಲೆ ಉರುಲು ಹುಡುಕಿ ಕೀಳುವುದಕ್ಕೆ ಉರುಲು ಕಟ್ಟಿ ಗೊತ್ತಿದ್ದವನೇ ಬೇಕಾಯಿತು. ನಾನು ಸೇರಿಕೊಂಡೆ. ಒಂದು ಕಾಕಿ ಕೋಟು ಕೊಟ್ಟರು. ಅವತ್ತಿನಿಂದ ಬೀದಿಯವರಿಗೆ ನಾನು ಬರೀ 'ಕಾಕಿ'. ಚಹಾದಂಗಡಿಯಲ್ಲಿ ನಾನು ಕೂತರೆ ಉಳಿದವರು ಎದ್ದು ಹೋಗುತ್ತಿದ್ದರು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನೂ ಮಾತು ಬಿಟ್ಟಳು. ಪಕ್ಕದ ಮನೆಯಲ್ಲೇ ಇದ್ದಾಳೆ. ಗೋಡೆಯಾಚೆ ಅವಳು ಕೆಮ್ಮುವುದು ಕೇಳುತ್ತದೆ. ನನಗೆ ನನ್ನವರು ಅಂತ ಉಳಿದಿದ್ದು ಆ ಕೆಮ್ಮು ಒಂದೇ.

ಉರುಲು ಯಾರದೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ತಂತಿಯ ಸುತ್ತು ಎಡಕ್ಕೆ ತಿರುಗಿತ್ತು. ನಮ್ಮವರಲ್ಲಿ ಎಡಗೈಯಲ್ಲಿ ಕಟ್ಟುವವಳು ಅಕ್ಕ ಒಬ್ಬಳೇ. ಮೂರು ವಾರದಿಂದ ಅದನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುತ್ತಿದ್ದೆ. ಅದು ಅವಳಿಗೂ ಗೊತ್ತಿರಲಿಲ್ಲ. ಇವತ್ತು ಮ್ಯಾನೇಜರ್ ನನ್ನ ಹಿಂದೆಯೇ ಬಂದುಬಿಟ್ಟಿದ್ದ. ಹೆಸರು ಹೇಳಿದರೆ ನನ್ನ ಕೆಲಸ ಉಳಿಯುತ್ತಿತ್ತು. ಆ ಕೆಮ್ಮು ಇಟ್ಟುಕೊಂಡು ಜೈಲಿಗೆ ಹೋದರೆ ಅಕ್ಕ ತಿರುಗಿ ಬರುವ ಹಾಗಿರಲಿಲ್ಲ.

"ನಂದೇ ಸಾರ್," ಅಂದೆ.

ಅವನು ನಂಬಲಿಲ್ಲ. ಬೇರೆ ತಂತಿ ತರಿಸಿ ನನ್ನ ಕಾಲ ಬಳಿ ಎಸೆದು, ಕಟ್ಟಿ ತೋರಿಸು, ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ ಅಂದ.

ಕುಕ್ಕರಗಾಲಲ್ಲಿ ಕೂತೆ. ಚಿಕ್ಕವನಿದ್ದಾಗ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಉರುಲು ಕಟ್ಟುವುದನ್ನು ಕಲಿಸಿದ್ದಳು. ಅವಳ ಬೆರಳುಗಳನ್ನು ನೆನೆಸಿಕೊಂಡು ತಂತಿಯನ್ನು ಎಡಗೈಗೆ ತೆಗೆದುಕೊಂಡೆ. ಎರಡು ಸಲ ತಂತಿ ಜಾರಿತು. ಆದರೂ ಸುತ್ತು ಎಡಕ್ಕೇ ಬಂತು.

ಮ್ಯಾನೇಜರ್ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಕೋಟು ಬಿಚ್ಚಿಸಿದ. ನಾನು ಕಟ್ಟಿದ್ದನ್ನು ನನ್ನ ಕುತ್ತಿಗೆಗೇ ಹಾಕಿ ಎಳೆದ.

"ನಾಳೆ ಪೊಲೀಸಿಗೆ ಕೊಡ್ತೀನಿ. ಇವತ್ತು ಮೊಲದ ಥರ ಕುಪ್ಪಳಿಸ್ಕೊಂಡು ಹೋಗು. ನಿಮ್ಮ ಬೀದಿ ನೋಡ್ಲಿ."

ಗೇಟಿನ ಕಾವಲಿನವರಿಬ್ಬರು ನಗುತ್ತಾ ಹಿಂದೆ ಬಂದರು. ನಿಂತರೆ ಕೋಲಿನಿಂದ ತಿವಿಯುತ್ತಿದ್ದರು. ನಾನು ಕುಪ್ಪಳಿಸಿದೆ. ಬೀದಿಯಲ್ಲಿ ಯಾರೂ ನಗಲಿಲ್ಲ, ಯಾರೂ ಹತ್ತಿರಕ್ಕೂ ಬರಲಿಲ್ಲ. ಮಂಡಿ ತರಚಿ ರಕ್ತ ಬಂತು. ಅತ್ತುಬಿಟ್ಟೆ.

ಕಾವಲಿನವರು ತಿರುಗಿ ಹೋದಮೇಲೆ ಅಕ್ಕ ಬಾಗಿಲಿಗೆ ಬಂದಳು. ನನ್ನ ಕುತ್ತಿಗೆಯ ಸುತ್ತನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಎಡಗೈ ಚಾಚಿ ಅದನ್ನು ಬಿಡಿಸಿ ನನ್ನ ಕೈಗಿಟ್ಟಳು.

"ಸಡಿಲ ಕಟ್ಟಿದ್ದೀಯ ಕಣೋ. ಮೊಲ ನಿಲ್ಲಲ್ಲ ಇದ್ರಲ್ಲಿ."

ಎರಡು ವರ್ಷದ ಮೇಲೆ ಆಡಿದ ಮಾತು. ಒಳಗೆ ಬಾ ಅನ್ನುತ್ತಾಳೇನೋ ಎಂದು ಕಾದೆ. ಕೆಮ್ಮು ಬಂತು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಕರೆಯಲೂ ಇಲ್ಲ.

ಸ್ವಲ್ಪ ಹೊತ್ತು ನಿಂತಿದ್ದು, ಮಟಮಟ ಮಧ್ಯಾಹ್ನ ಬೇಲಿಯ ಕಡೆಗೇ ವಾಪಸು ನಡೆದೆ. ಮೊಲಗಳು ನುಸುಳುವ ಕಂಡಿಯ ಹತ್ತಿರ ಹಿಕ್ಕೆ ಹಸಿಯಾಗಿತ್ತು. ಮನುಷ್ಯನ ವಾಸನೆ ಹೋಗಲಿ ಎಂದು ಅಂಗೈಗೆ ಮಣ್ಣು ಉಜ್ಜಿಕೊಂಡೆ. ಸುತ್ತು ಬಿಚ್ಚಿ, ಬಲಗೈಯಲ್ಲಿ, ನನ್ನದೇ ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿ, ನೆಲದಿಂದ ಒಂದು ಹಸ್ತದಷ್ಟು ಮೇಲೆ ಉರುಲು ಒಡ್ಡಿದೆ. ಈ ಸಲದ್ದು ನಿಜಕ್ಕೂ ನನ್ನದೇ. ಗೇಟಿನವರು ನೋಡಿ ಕೂಗಿದರು. ಒಬ್ಬ ಆಫೀಸಿನ ಕಡೆ ಓಡಿದ.

ಮನುಷ್ಯ ಪಕ್ಕದಲ್ಲಿ ಕೂತರೆ ಯಾವ ಮೊಲವೂ ಆ ದಾರಿಗೆ ಬರುವುದಿಲ್ಲ. ಅದು ಗೊತ್ತಿದ್ದೂ, ಮ್ಯಾನೇಜರ್ ಬರಲಿ ಎಂದು ಉರುಲಿನ ಪಕ್ಕದಲ್ಲೇ ಕೂತೆ.